ತಗುಲುಗೆಂಪು

ನಮ್ಮೂರಲ್ಲಿ ಹೊಟ್ಟೆಕಿಚ್ಚಿಗೆ ಕಾರಣ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಎದುರುಮನೆಯ ಹಗ್ಗದ ಮೇಲೆ ತೂಗುತ್ತಿರುತ್ತದೆ. ಬೆಳಿಗ್ಗೆ ಸ್ನಾನವಾದ ಮೇಲೆ ಎಲ್ಲರೂ ಕೊರಳಿಗೆ ಒಗೆದು ಬಿಳಿ ಮಾಡಿದ ಬಟ್ಟೆ ಸುತ್ತಿಕೊಳ್ಳುತ್ತೇವೆ, ದನ ಮನೆಗೆ ಬರುವ ಹೊತ್ತಿಗೆ ಅದನ್ನು ಬಿಚ್ಚಿ ಬಾಗಿಲ ಮುಂದಿನ ಹಗ್ಗಕ್ಕೆ ಹಾಕುತ್ತೇವೆ. ದಿನವಿಡೀ ಬೆವರು ಕುಡಿದ ಬಟ್ಟೆಗೆ ಮೈಯೊಳಗಿನ ಬಣ್ಣ ಇಳಿದಿರುತ್ತದೆ. ಮಕ್ಕಳದು ಬೆಣ್ಣೆ ಬಣ್ಣ. ಮೀಸೆ ಚಿಗುರುವ ಹೊತ್ತಿಗೆ ಹುಡುಗರದು ನೀಲಿಗೆ ತಿರುಗುತ್ತದೆ. ಹುಡುಗಿಯರದೂ ಮೊದಲು ನೀಲಿಯೇ, ಆದರೆ ಆ ನೀಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಕಂಡದ್ದು ಮಧ್ಯಾಹ್ನದೊಳಗೆ ಕೆಂಪಾಗಿರುತ್ತದೆ. "ಬೆಣ್ಣಿ ನೀಲಿ ಆದೀತು, ನೀಲಿ ಕೆಂಪಾದೀತು, ಕೆಂಪು ಮಾತ್ರ ಹಿಂದಕ್ಕ ಹೋಗೂದಿಲ್ಲ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂದವರಿಗೂ ಇದೇ ಗಾದೆ ಹೇಳಿ ಕಳಿಸುತ್ತಿದ್ದಳು.

ಒಂದೇ ಬಣ್ಣ ಯಾರಿಗೂ ಇಲ್ಲ. ಹೆಂಗಸಿನ ಕೆಂಪಿಗೆ ಅಂಚಿನಲ್ಲಿ ನೀಲಿ ಎಳೆ ಇರುತ್ತದೆ, ಗಂಡಸಿನ ನೀಲಿಯ ಒಳಮಡಿಕೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಇರುತ್ತದೆ. ಕಡಲೆಕಾಳಿನಷ್ಟನ್ನು ಊರು ಮನ್ನಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅದಕ್ಕೆ ತಗುಲುಗೆಂಪು ಎಂದು ಹೆಸರು. ಎಂದರೆ ಅದು ಅವನ ಮೈಯದಲ್ಲ, ಯಾವುದೋ ಹೆಂಗಸಿನ ಕೊರಳಿನಿಂದ ತಗುಲಿಕೊಂಡು ಬಂದದ್ದು. ಕಟ್ಟಿಕೊಂಡ ಹೆಂಡತಿಯದಾದರೆ ಜನ ನಕ್ಕು ಸುಮ್ಮನಾಗುತ್ತಾರೆ. ಅಲ್ಲದಿದ್ದರೆ ಪಂಚಾಯಿತಿ ಕೂರುತ್ತದೆ.

ನನ್ನ ಹೆಸರು ನೀಲವ್ವ. ಹೆಸರಷ್ಟೇ ನೀಲಿ, ಬಟ್ಟೆ ದಾಸವಾಳ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಹಗ್ಗ ನೋಡಲೆಂದೇ ಆಚೆ ಬೀದಿಯವರು ಸುತ್ತು ಹಾಕಿಕೊಂಡು ಬರುತ್ತಿದ್ದರು. ನಾನು ಕಂಡೂ ಕಾಣದವಳಂತೆ ಕಸ ಗುಡಿಸುತ್ತಿದ್ದೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದೆ. ಹಾಗೆ ಮೆರೆದವಳಿಗೆ ಮುಟ್ಟು ನಿಂತ ಮೇಲೆ ಬಟ್ಟೆ ಬಿಳಿಚತೊಡಗಿದಾಗ ಏನಾಗಿರಬೇಡ. ಮೊದಮೊದಲು ಸಾಬೂನಿನ ಮೇಲೆ ತಪ್ಪು ಹೊರಿಸಿದೆ. ಆಮೇಲೆ ಒಂದು ಚಿಟಿಕೆ ಕುಂಕುಮ ನೀರಿಗೆ ಕಲಸಿ, ಬಟ್ಟೆ ಅದ್ದಿ, ಹಿಂಡಿ, ಹಗ್ಗಕ್ಕೆ ಹಾಕುವುದನ್ನು ಕಲಿತೆ. ಹಣೆಯ ಕುಂಕುಮ ಕೊರಳಿಗೆ ಇಳಿಯಿತು.

ಸರಕಾರಿ ಆಸ್ಪತ್ರೆಗೆ ಪರ ಊರಿನ ಡಾಕ್ಟರಮ್ಮ ಒಬ್ಬಳು ಬಂದಿದ್ದಳು. ಅವಳ ಬೆವರಿಗೆ ಬಣ್ಣವೇ ಇರಲಿಲ್ಲ, ಪಾಪ. ನಮ್ಮೂರಿನ ಬಣ್ಣಗಳಿಗೆ ಅವಳು ಹಾರ್ಮೋನು ಎನ್ನುತ್ತಿದ್ದಳು. "ನೋಡಿ ಅಮ್ಮ, ನಿಮ್ಮ ಅಂಡಾಶಯ ಬಾಗಿಲು ಹಾಕಿಕೊಂಡಿದೆ. ಇಷ್ಟು ದಿನ ಅದು ನೀಲಿ ಮಾಡಿ ಅದನ್ನೇ ಕೆಂಪು ಮಾಡ್ತಿತ್ತು. ಈಗ ಸ್ವಲ್ಪ ನೀಲಿ ಮಾಡುತ್ತೆ, ಕೆಂಪು ಮಾಡಲ್ಲ. ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರೋ ಗ್ರಂಥಿ ಒಂದಿದೆ, ಅದು ಕಚ್ಚಾಮಾಲು ಕಳಿಸ್ತಾನೇ ಇರುತ್ತೆ. ಅದನ್ನು ಕೆಂಪಿಗೆ ತಿರುಗಿಸೋ ಕೆಲಸ ಇನ್ನು ಮೈಯ ಕೊಬ್ಬಿನದು. ನಿಮ್ಮ ಮೈಯಲ್ಲಿ ಕೊಬ್ಬೇ ಇಲ್ಲ. ಗಂಡಸರಲ್ಲಾದರೂ ಅಷ್ಟೇ..." ಎಂದು ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಕೊಬ್ಬು ಎಂಬ ಮಾತಿಗೇ ನಿಂತುಬಿಟ್ಟಿದ್ದೆ. ನನ್ನ ಕಣ್ಣ ಮುಂದೆ ಸಾವಂತ್ರವ್ವ ಬಂದು ಕೂತಿದ್ದಳು.

ಸಾವಂತ್ರವ್ವ ನಮ್ಮ ಎದುರುಮನೆಯವಳು, ನನ್ನ ಓರಗೆಯವಳು. ಇಬ್ಬರೂ ಒಂದೇ ಸುಗ್ಗಿಯಲ್ಲಿ ಈ ಬೀದಿಗೆ ಸೊಸೆಯರಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಎಮ್ಮೆ ಕಟ್ಟಿ ಬೆಣ್ಣೆ ಮಾರುತ್ತಿದ್ದಳು. ಕೂತರೆ ಕೆಳಗಿನ ಮಣೆ ಕಾಣದಷ್ಟು ಮೈ. ಅವಳಿಗೂ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು, ಆದರೂ ಸಂಜೆ ಅವಳ ಹಗ್ಗದ ಮೇಲೆ ಹದವಾದ ಕೆಂಪು ತೂಗುತ್ತಿತ್ತು. ನೋಡುವವರು ಯಾರೂ ಇಲ್ಲದ ಮನೆಗೆ ಅಷ್ಟು ಕೆಂಪು ಯಾಕೆ ಬೇಕು ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ನಾನು ಎಷ್ಟು ತಿಂದರೂ ಜಾಲಿಕಡ್ಡಿ. ಅವಳು ಎಮ್ಮೆಯ ಮುಖ ನೋಡಿದರೂ ದಪ್ಪವಾಗುವವಳು.

ಅವಳ ಬಾಗಿಲಿಗೆ ದಿನಾ ಬೆಳಿಗ್ಗೆ ಕಂಚಿನ ಬಟ್ಟಲು ಹಿಡಿದು ಹೋಗುತ್ತಿದ್ದವರು ನಮ್ಮ ಯಜಮಾನರು, ಉಸ್ತಾದ್ ಭರಮಪ್ಪನವರು. ಊರ ಗರಡಿಯ ಉಸ್ತಾದರು. ಅವರ ಕೈಯಲ್ಲಿ ಪಟ್ಟು ಕಲಿತ ಪೈಲ್ವಾನರು ಸುತ್ತಮುತ್ತ ಎಲ್ಲ ಕಡೆ ಇದ್ದಾರೆ. ಅಖಾಡಕ್ಕೆ ಇಳಿಯುವುದನ್ನು ಬಿಟ್ಟ ಮೇಲೂ ಬಾಯಿ ಮಾತ್ರ ಪೈಲ್ವಾನರದಾಗಿಯೇ ಉಳಿದಿತ್ತು. ಹೊಟ್ಟೆ ಬೆಳೆದು ಲಂಗೋಟಿಯ ಗಂಟು ಕಾಣದಂತಾಗಿತ್ತು. "ಬೆಣ್ಣಿ ಅಂದ್ರ ನೀಲಿಯ ತಾಯಿ" ಎನ್ನುತ್ತಾ, ಬಟ್ಟಲು ತುಂಬಿಸಿಕೊಂಡು ಬಂದು ರೊಟ್ಟಿಗಿಂತ ದಪ್ಪಗೆ ಬಳಿದುಕೊಂಡು ತಿನ್ನುತ್ತಿದ್ದರು.

ಹೋದ ಮಳೆಗಾಲದಿಂದ ಅವರು ತಮ್ಮ ಕೊರಳಬಟ್ಟೆಯನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟಿದ್ದರು. ಉಸ್ತಾದನ ಬಟ್ಟೆ ಹೆಂಗಸರು ತೊಳೆಯಬಾರದು ಎಂದು ಇದ್ದಕ್ಕಿದ್ದಂತೆ ಒಂದು ಮಡಿ ಹುಟ್ಟಿಕೊಂಡಿತು. ತಾವೇ ಮಡಿಸಿ, ನೀಲಿ ಹೊರಗೆ ಬರುವಂತೆ ಹಗ್ಗಕ್ಕೆ ಹಾಕಿ, ಬೆಳಿಗ್ಗೆ ತಾವೇ ತೊಳೆಯುತ್ತಿದ್ದರು. ಒಂದು ದಿನ ಜ್ವರ ಬಂದು ಕೊರಳಬಟ್ಟೆ ಸಮೇತ ಮಲಗಿಬಿಟ್ಟರು. ಹಣೆಗೆ ಒದ್ದೆ ಪಟ್ಟಿ ಹಾಕುವಾಗ ನಾನು ಆ ಬಟ್ಟೆ ಬಿಚ್ಚಿದೆ. ಒಳಮಡಿಕೆಯಲ್ಲಿ ಅಂಗೈ ಅಗಲದ ಕೆಂಪು ಇತ್ತು.

ಹೆಂಡತಿಯದು ಎಂದುಕೊಳ್ಳೋಣ ಎಂದರೆ ಹೆಂಡತಿಯ ಹತ್ತಿರ ಕೆಂಪು ಎಲ್ಲಿತ್ತು? ನಾನು ಆ ಬಟ್ಟೆಯನ್ನು ಮೂಸಿ ನೋಡಿದೆ. ಬೆಣ್ಣೆಯ ವಾಸನೆ. ದಿನಾ ಅಷ್ಟು ಬೆಣ್ಣೆ ತಿನ್ನುವವನ ಬಟ್ಟೆ ಮತ್ತೇನು ನಾರೀತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮರುದಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಹಚ್ಚಿ ನಿಂತಿದ್ದರು. ಸಾವಂತ್ರವ್ವ ಬರುವವರೆಗೆ ನನ್ನ ಕೊಡವನ್ನು ಸುಮ್ಮನೆ ತಿಕ್ಕುತ್ತಾ ಕಾದೆ.

"ಸಾವಂತ್ರಿ, ನೀ ಬೆಣ್ಣಿ ಜೊತಿಗೆ ಬಣ್ಣಾನೂ ಕೊಡ್ತೀಯಂತಲ್ಲ" ಎಂದೆ.

"ಯಾರಂದ್ರು?"

"ನಮ್ಮ ಯಜಮಾನರ ಬಟ್ಟಿ ಅಂತೈತಿ. ಒಳಮಡಿಕ್ಯಾಗ ಅಂಗೈ ಅಗಲ ತಗುಲುಗೆಂಪು."

ಅವಳು ಕೊಡ ಇಳಿಸಿ ನನ್ನ ಹತ್ತಿರಕ್ಕೆ ಬಂದಳು. ನನಗೊಬ್ಬಳಿಗೇ ಕೇಳುವಂತೆ, "ನೀಲವ್ವ, ಬಟ್ಟಿ ಮಾತಾಡಾಂಗಿದ್ರ ನಿಂದೂ ಮಾತಾಡ್ತಿತ್ತು. ಕುಂಕುಮದ ವಾಸನಿ ನನ್ನ ಬಾಗಿಲ ತನಕ ಬರ್ತೈತಿ. ನಾ ಯಾರ ಮುಂದೂ ಆಡಿಲ್ಲ" ಎಂದಳು.

ಅವಳು ಬೈದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ನನ್ನ ಗುಟ್ಟು ಕಂಡೂ ಸುಮ್ಮನಿದ್ದಾಳೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಲ್ಲಿಯ ಸದ್ದಿಗಿಂತ ಜೋರಾಗಿ ಎಲ್ಲವನ್ನೂ ಒದರಿಬಿಟ್ಟೆ.

ಕುಡಿಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು. ಅಂದಿನಿಂದ ಒಂದು ಮನೆಯ ಬಟ್ಟಲೂ ಸಾವಂತ್ರವ್ವನ ಬಾಗಿಲಿಗೆ ಹೋಗಲಿಲ್ಲ. ಬೆಣ್ಣೆ ಗಡಿಗೆಯಲ್ಲೇ ಹುಳಿ ಬಂದು ಬೀದಿಗೆಲ್ಲ ವಾಸನೆ ಹೊಡೆಯಿತು. ಸುಳ್ಳು ಯಾಕೆ ಹೇಳಲಿ, ಆ ಹುಳಿ ವಾಸನೆ ನನಗೆ ಮಲ್ಲಿಗೆಯ ಹಾಗಿತ್ತು. ಗರಡಿಯ ಹಿರಿಯರಾದ ಕೆಂಚಪ್ಪನವರು ಪಂಚರನ್ನು ಕೂಡಿಸಿ ತೀರ್ಮಾನ ಹೇಳಿದರು. ಗರಡಿ ಪೂಜೆಯ ದಿನ ಉಸ್ತಾದನ ಹಿಂದಿನ ದಿನದ ಕೊರಳಬಟ್ಟೆಯನ್ನು ಎಲ್ಲರೆದುರು ಪೂರ್ತಿ ಬಿಚ್ಚಿ ಗದೆಗೆ ಕಟ್ಟುವುದು ನಡೆದುಬಂದ ಪದ್ಧತಿ. ಅವತ್ತೇ ನೋಡೋಣ. ತಗುಲುಗೆಂಪು ಇದ್ದರೆ ಭರಮಪ್ಪ ಗರಡಿಯಿಂದ ಹೊರಗೆ, ಸಾವಂತ್ರವ್ವ ಊರಿನಿಂದ ಹೊರಗೆ.

ಪೂಜೆ ಹತ್ತಿರ ಬಂದಂತೆ ನನ್ನವರು ಅನ್ನ ಬಿಟ್ಟರು. ಕೇಳಿದರೆ ದೇವರ ಮೇಲೆ, ಗದೆಯ ಮೇಲೆ, ತೀರಿಕೊಂಡ ತಮ್ಮ ತಾಯಿಯ ಮೇಲೆ ಆಣೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ನಾನು, "ಹಂಗಾರ ಇವತ್ತು ಹೊಸ್ತಿಲ ದಾಟಬ್ಯಾಡ್ರಿ. ನನ್ನ ಕಣ್ಣೆದುರಿಗೇ ಇರ್ರಿ. ಸಂಜಿಗೆ ಬಟ್ಟಿ ನಾನ ಬಿಚ್ತೀನಿ" ಎಂದೆ. ಅವರು, "ಆತು. ಆದ್ರ ನೀನೂ ಹೊಸಾದು ಕಟ್ಟಿಕೋ. ಕುಂಕುಮ ಇಲ್ದ" ಎಂದರು. ಅವರಿಗೂ ಗೊತ್ತಿತ್ತು ಎಂದಾಯಿತು. ಯಾರಿಗೆ ಗೊತ್ತಿರಲಿಲ್ಲವೋ.

ಸೀಗೆಪುಡಿ ಹಾಕಿ ಅವರ ಮೈ ತಿಕ್ಕಿದೆ, ಎಮ್ಮೆಯ ಮೈ ತಿಕ್ಕಿದಂತೆ ತಿಕ್ಕಿದೆ. ಹೊಸ ಬಿಳಿ ಬಟ್ಟೆಯೊಂದನ್ನು ನಡುವೆ ಹರಿದು ಒಂದು ತುಂಡನ್ನು ಅವರ ಕೊರಳಿಗೆ, ಇನ್ನೊಂದನ್ನು ನನ್ನ ಕೊರಳಿಗೆ ಕಟ್ಟಿದೆ. ಬಾಗಿಲ ಅಗುಳಿ ಹಾಕಿದೆ. ಹೆಣ್ಣು ಬೆಕ್ಕನ್ನು ಕೂಡ ಒಳಗೆ ಬಿಡಲಿಲ್ಲ. ಇಬ್ಬರೂ ಎದುರುಬದುರು ನಿಂತು ಒಂದೇ ಒರಳಿಗೆ ಸರದಿಯ ಮೇಲೆ ಒನಕೆ ಹಾಕಿ ಮೆಣಸಿನಕಾಯಿ ಕುಟ್ಟಿದೆವು. ಘಾಟಿಗೆ ಇಬ್ಬರಿಗೂ ಕಣ್ಣಲ್ಲಿ ನೀರು, ಮೈಯಲ್ಲಿ ಬೆವರು. ಒಂದು ಕ್ಷಣವೂ ನಾನು ಅವರ ಕೊರಳಿನಿಂದ ದೃಷ್ಟಿ ತೆಗೆಯಲಿಲ್ಲ. ಹೊಸ ಮದುಮಗಳಾಗಿದ್ದಾಗಲೂ ಅವರನ್ನು ಅಷ್ಟು ನೋಡಿರಲಿಲ್ಲ.

ಸಂಜೆ ಎರಡೂ ಬಟ್ಟೆ ಬಿಚ್ಚಿ ನೆಲದ ಮೇಲೆ ಹಾಸಿದೆ. ಒಂದು ಬಟ್ಟೆ ಕೊರಳ ಕಡೆಯಿಂದ ಶುರುವಾಗಿ ತುದಿಯವರೆಗೂ ದಾಸವಾಳ. ನೀಲಿ ಅಂಚಿಗೆ ಸರಿದು ಎಳೆಯಾಗಿತ್ತು. ಇನ್ನೊಂದು ಪೂರ್ತಿ ತಿಳಿ ನೀಲಿ. ಒಗೆದು ಒಗೆದು ಮಾಸಿದ ಬಟ್ಟೆಯ ನೀಲಿ, ಆದರೆ ಒಂದು ಚುಕ್ಕೆಯೂ ಇಲ್ಲದ ನೀಲಿ. ಹೊರಗಿನವರು ಯಾರೇ ನೋಡಿದ್ದರೂ ಇದು ಹೆಂಡತಿಯದು, ಇದು ಗಂಡನದು ಎಂದು ಥಟ್ಟನೆ ಹೇಳುತ್ತಿದ್ದರು. ಹೇಳಿದ್ದು ತಪ್ಪಾಗುತ್ತಿತ್ತು.

"ನಾ ಹೇಳಿದ್ನಲ್ಲ, ಯಾರದೂ ತಗುಲಿದ್ದಲ್ಲ. ನನ್ನೊಳಗ ಬರಾಕ ಹತ್ತೈತಿ" ಎಂದರು ಅವರು. "ನೀಲಿ ಕಡಿಮ್ಯಾತು ಅಂತ ಬೆಣ್ಣಿ ಹೆಚ್ಚು ತಿಂದೆ. ತಿಂದಷ್ಟೂ ಕೆಂಪಾತು. ಯಾರಿಗೆ ಹೇಳ್ಲಿ?"

ಆಗ ಡಾಕ್ಟರಮ್ಮ ಹೇಳುತ್ತಿದ್ದ, ನಾನು ಕಿವಿಗೆ ಹಾಕಿಕೊಳ್ಳದ ಮಾತು ನೆನಪಾಯಿತು. ಗಂಡಸರಲ್ಲಾದರೂ ಅಷ್ಟೇ. ಕೆಂಪಿಗೆ ತಿರುಗಿಸುವುದು ಕೊಬ್ಬಿನ ಕೆಲಸ. ಇವರ ಹೊಟ್ಟೆಯೊಳಗೆ ದೊಡ್ಡದೊಂದು ಬಣ್ಣದ ಬಾನಿ ಇಟ್ಟುಕೊಂಡು, ನಾನು ಆ ಕೆಂಪಿನ ಮೂಲ ಹುಡುಕಿ ಬೀದಿ ರಂಪ ಮಾಡಿದ್ದೆ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ.

ಗಂಡ ನಿಯತ್ತಿನವನು ಎಂದು ಗೊತ್ತಾದ ಹೆಂಡತಿಗೆ ನೆಮ್ಮದಿಯಾಗಬೇಕು. ನನಗೆ ಆದದ್ದು ಬೇರೆ. ಆ ದಾಸವಾಳದ ಮೇಲೆ ಕೈಯಾಡಿಸುತ್ತಾ ಕೂತವಳಿಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅದು ನನ್ನ ಬಣ್ಣ. ನನ್ನಲ್ಲಿ ಬತ್ತಿಹೋದದ್ದು, ನಾನು ಕುಂಕುಮ ಕಲಸಿ ಕಲಸಿ ಅತ್ತದ್ದು, ಈ ಮೀಸೆಯ ಮನುಷ್ಯನ ಮೈಯಲ್ಲಿ ಉಕ್ಕುತ್ತಿದೆ, ಮತ್ತು ಇವರಿಗೆ ಅದು ಬೇಡವಾಗಿದೆ. ಬೇಡದವರಿಗೆ ಕೊಡುವ ದೇವರ ಮೇಲೆ, ಇವರ ಮೇಲೆ, ಆ ಹೊಟ್ಟೆಯ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ದಿನ ಸಾವಂತ್ರವ್ವನ ಮೇಲಿದ್ದ ಹೊಟ್ಟೆಕಿಚ್ಚು ಬೀದಿ ದಾಟಿ, ಹೊಸ್ತಿಲು ದಾಟಿ, ನನ್ನ ಪಕ್ಕದಲ್ಲೇ ಬಂದು ಕೂತಿತು.

"ಅದಲುಬದಲು ಮಾಡೂಣು. ನಿಂದು ನಾ ನಂದಂತ ತೋರಸ್ತೀನಿ, ನಂದು ನೀ ನಿಂದಂತ ತೋರ್ಸು. ನನ್ನ ಗರಡಿ ಉಳೀತೈತಿ, ನಿನ್ನ ಕುಂಕುಮ ಉಳೀತೈತಿ" ಎಂದರು.

ಒಪ್ಪಿಕೊಂಡೆ. ಮರುದಿನದಿಂದ ನಮ್ಮ ಹಗ್ಗದ ಮೇಲೆ ಹೆಂಡತಿಯ ಜಾಗದಲ್ಲಿ ಗಂಡನ ಕೆಂಪು, ಗಂಡನ ಜಾಗದಲ್ಲಿ ಹೆಂಡತಿಯ ನೀಲಿ ತೂಗಿದವು. ಬೀದಿಯ ಹೆಂಗಸರು ನಿಂತು ನೋಡಿದರು. "ಈ ವಯಸ್ಸಿಗೂ ಏನ್ ಕೆಂಪು ಐತಿ ನೀಲವ್ವ ನಿಂದು, ನಮಗೂ ಗುಟ್ಟು ಹೇಳವ್ವ" ಎಂದರು. ಬಹಳ ವರ್ಷಗಳಿಂದ ಆ ಮಾತಿಗೆ ಬಾಯಿಬಿಟ್ಟು ಕಾದಿದ್ದೆ. ಬಂದಾಗ ಅದರಲ್ಲಿ ಉಪ್ಪೂ ಇರಲಿಲ್ಲ, ಹುಳಿಯೂ ಇರಲಿಲ್ಲ. ಅವರು ಹೊಗಳುತ್ತಿದ್ದುದು ನನ್ನ ಗಂಡನನ್ನು. ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದ ಸಾವಂತ್ರವ್ವನೂ ಆ ಬಟ್ಟೆಯನ್ನು ಬಹಳ ಹೊತ್ತು ನೋಡಿದಳು. ನಡುವೆ ಬೀದಿ ಖಾಲಿಯಾದಾಗ, "ನಿನ್ನ ಗಂಡಗ ತಗುಲಿದ್ದ ನನ್ನ ಕೆಂಪು ಈಗ ನಿನಗೂ ತಗುಲೈತೇನು ನೀಲವ್ವ?" ಎಂದು ಕೇಳಿದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗರಡಿ ಪೂಜೆಯ ದಿನ ಮಾತ್ರ ಹೆಂಗಸರಿಗೆ ಗರಡಿಯ ಬಾಗಿಲವರೆಗೆ ಹೋಗಲು ಬಿಡುತ್ತಾರೆ. ಕೆಮ್ಮಣ್ಣಿನ ಅಖಾಡಕ್ಕೆ ಎಣ್ಣೆ, ನಿಂಬೆರಸ ಹೊಯ್ದು ಹದ ಮಾಡಿದ್ದರು. ಪೈಲ್ವಾನರೆಲ್ಲ ಸುತ್ತ ನಿಂತಿದ್ದರು. ಸಾವಂತ್ರವ್ವನನ್ನು ಒಂದು ಕಂಬದ ಪಕ್ಕ ಒಂಟಿಯಾಗಿ ನಿಲ್ಲಿಸಿದ್ದರು. ನನ್ನವರು ಕೊರಳಿಗೆ ತಮ್ಮದೇ ಬಟ್ಟೆ ಕಟ್ಟಿ ಮೇಲೆ ಶಾಲು ಹೊದ್ದಿದ್ದರು. ಕೈಯಲ್ಲಿ, ಗದೆಗೆ ಕಟ್ಟಲೆಂದು, ನನ್ನ ಬಟ್ಟೆ. ಕೆಂಚಪ್ಪನವರು ಅದನ್ನು ತೆಗೆದುಕೊಂಡು ಮಡಿಕೆ ಮಡಿಕೆಯಾಗಿ ಬಿಚ್ಚಿ ಬೆಳಕಿಗೆ ಹಿಡಿದರು.

"ಒಂದು ಚುಕ್ಕಿ ಇಲ್ಲ. ಇಷ್ಟು ಶುದ್ಧ ನೀಲಿ ನಾ ನನ್ನ ಜನ್ಮದಾಗ ನೋಡಿಲ್ಲ. ಕಡ್ಲಿಕಾಳಿನಷ್ಟೂ ಕೆಂಪಿಲ್ಲ. ಗಂಡಸಂದ್ರ ನೀನಪಾ ಭರಮಪ್ಪ" ಎಂದರು. ಪೈಲ್ವಾನರು ತೊಡೆ ತಟ್ಟಿದರು. ನನ್ನವರ ಎದೆ ಇಷ್ಟಗಲವಾಯಿತು. ಮೀಸೆಗೆ ಕೈ ಹೋಯಿತು.

ಕೆಂಚಪ್ಪನವರು ಕಂಬದ ಕಡೆಗೆ ತಿರುಗಿದರು. "ಬೆಣ್ಣಿ ಬಿಟ್ಟ ಮ್ಯಾಲೆ ಬಟ್ಟಿ ಶುದ್ಧ ಆಗೈತಿ. ಅಂದ ಮ್ಯಾಲೆ ಮೊದಲಿನ ಕೆಂಪು ಎಲ್ಲಿಂದ ಬಂದಿತ್ತು ಅನ್ನೂದು ಗೊತ್ತಾತಲ್ಲ. ಸಾವಂತ್ರವ್ವ, ನೀ ಎಮ್ಮಿ ಹೊಡ್ಕೊಂಡು ಊರು ಬಿಡು." ಸಾವಂತ್ರವ್ವ ಅಳಲಿಲ್ಲ. ನನ್ನ ಗಂಡನ ಕಡೆಗೂ ನೋಡಲಿಲ್ಲ. ನನ್ನನ್ನು ನೋಡಿದಳು, ನಲ್ಲಿಯ ಹತ್ತಿರ ನೋಡಿದ ಹಾಗೆಯೇ. ನನ್ನವರು ತಲೆ ತಗ್ಗಿಸಿದರು, ಆದರೆ ಮೀಸೆಯ ಮೇಲಿನ ಕೈ ಇಳಿಯಲಿಲ್ಲ.

ಸಾವಂತ್ರವ್ವನ ಮೇಲಿನ ಕನಿಕರದಿಂದ ಬಾಯಿ ಬಿಟ್ಟೆ ಎಂದು ಹೇಳಿಕೊಂಡರೆ ನನಗೇ ಚಂದ. ಕನಿಕರವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಾಲನ್ನು ಹೊಸ್ತಿಲ ಒಳಗೆ ಇಡಿಸಿದ್ದು ಆ ಮೀಸೆಯ ಮೇಲಿನ ಕೈ. ನನ್ನ ಕೆಂಪನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದಲ್ಲದೆ ನನ್ನ ನೀಲಿಗೂ ಇವರೇ ಹೊಗಳಿಸಿಕೊಳ್ಳುತ್ತಿದ್ದಾರಲ್ಲ. ಮುದುಕಿಯಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಅದೊಂದು ಬಣ್ಣ. ಅದನ್ನೂ ಬಿಟ್ಟುಕೊಡಬೇಕೆ?

"ಆ ನೀಲಿ ನಂದು" ಎಂದೆ.

ಕೆಂಚಪ್ಪನವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದೆ. "ಅದು ನನ್ನ ಕೊರಳಾಗಿಂದು. ಹೆಂಗಸಿನ ನೀಲಿ ಅದು, ಅದಕ್ಕ ಚುಕ್ಕಿ ಇಲ್ಲ. ಕೆಂಪು ನನ್ನ ಗಂಡಂದು. ಸಾವಂತ್ರಿದೂ ಅಲ್ಲ, ಯಾರದೂ ಅಲ್ಲ. ಬೇಕಾದ್ರ ಶಾಲು ತಗದು ನೋಡ್ರಿ."

ನನ್ನವರು ನನ್ನನ್ನು ನೋಡಿದರು. ಆ ನೋಟವನ್ನು ಮರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಅವರು ನನ್ನನ್ನು ಸುಳ್ಳಿ ಎಂದಿದ್ದರೆ ಊರು ಅವರನ್ನೇ ನಂಬುತ್ತಿತ್ತು. ಅವರು ಸಾವಂತ್ರವ್ವ ನಿಂತಿದ್ದ ಕಂಬದ ಕಡೆ ಒಮ್ಮೆ ನೋಡಿ, ಶಾಲು ತೆಗೆದು, ಕೊರಳ ಗಂಟು ಬಿಚ್ಚಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ನಂದ. ನನ್ನ ಮೈಯಾಗ ಹುಟ್ಟಿದ್ದು. ಕುಸ್ತಿ ಹಿಡದ ಮೈಯಾಗ" ಎಂದರು.

ಕೆಂಚಪ್ಪನವರು ಪೈಲ್ವಾನರ ಕಡೆಗೆ ತಿರುಗಿದರು. "ಹಂಗಾರ ಉಸ್ತಾದಕಿ ಬ್ಯಾರೇದವರಿಗೆ ಹೋಗ್ಬೇಕು. ಕಡ್ಲಿಕಾಳಿಗಿಂತ ಹೆಚ್ಚು ಕೆಂಪು ಇಲ್ಲದವರು ಯಾರಿದ್ದೀರಿ, ಮುಂದ ಬಂದು ಮಡಿಕಿ ಬಿಚ್ರಿ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಹೊಟ್ಟೆ ಬಂದ ಹಳೇ ಪೈಲ್ವಾನರೆಲ್ಲರ ಕೈಯೂ ಒಂದೊಂದಾಗಿ ಕೊರಳಿಗೆ ಹೋಗಿ ಒಳಮಡಿಕೆಯನ್ನು ಇನ್ನಷ್ಟು ಒಳಗೆ ತುರುಕಿದವು. ಮುಂದೆ ಒಬ್ಬರೂ ಬರಲಿಲ್ಲ. ಕೆಂಚಪ್ಪನವರ ಕೈ ಕೂಡ ಅವರ ಕೊರಳ ಮೇಲೆಯೇ ಇತ್ತು. ತಾವು ಎಲ್ಲಿ ಕೈ ಇಟ್ಟಿದ್ದೇವೆ ಎಂಬುದು ಅರಿವಿಗೆ ಬಂದ ಮೇಲೆ ಅವರು ಅದನ್ನು ಕೆಳಗಿಳಿಸಿ, ನನ್ನ ಬಟ್ಟೆಯನ್ನೇ ಗದೆಗೆ ಕಟ್ಟಿ ಅರಿಸಿನ ಕುಂಕುಮ ಹಾಕಿದರು. ಊರು ಬಿಡುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಸಾವಂತ್ರವ್ವ ತನ್ನಷ್ಟಕ್ಕೆ ತಾನು ಮನೆಗೆ ಹೋದಳು.

ನನ್ನವರು ಉಸ್ತಾದರಾಗಿಯೇ ಉಳಿದರು. ನನ್ನ ಜೊತೆ ಅಮಾವಾಸ್ಯೆವರೆಗೂ ಮಾತು ಬಿಟ್ಟಿದ್ದರು. ಸಂಜೆ ತಮ್ಮ ಕೆಂಪನ್ನು ತಮ್ಮ ಜಾಗದಲ್ಲಿ, ಮಡಿಕೆ ಬಿಚ್ಚಿ ಹಾಕುತ್ತಾರೆ. ಗರಡಿಗೆ ಹೋಗಿ ಬಂದಾಗಲೆಲ್ಲ ಗದೆಯ ಮೇಲಿನ ಬಟ್ಟೆ ಮಾಸಿದೆಯೇ ಎಂದು ನಾನು ಕೇಳಿದರೆ ಮುಖ ಗಂಟು ಹಾಕುತ್ತಾರೆ. ಈಗ ಅವರಿಗೆ ನನ್ನ ನೀಲಿಯ ಮೇಲೆ ಹೊಟ್ಟೆಕಿಚ್ಚು. ಇರಲಿ, ಮನೆಯಲ್ಲಿ ಆ ಕೆಲಸವನ್ನು ನಾನೊಬ್ಬಳೇ ಎಷ್ಟು ದಿನ ಮಾಡಲಿ.

ಅವರು ಮತ್ತೆ ಬೆಣ್ಣೆ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಆ ಕಂಚಿನ ಬಟ್ಟಲು ಹಿಡಿದು ನಾನೇ ಬೀದಿ ದಾಟಿದೆ. ಸಾವಂತ್ರವ್ವ ಕಡಗೋಲು ನಿಲ್ಲಿಸಿ ನನ್ನ ಮುಖ ನೋಡಿದಳು.

"ಉಸ್ತಾದರಿಗೇನು?" ಎಂದಳು.

"ಅಲ್ಲ, ನನಗ" ಎಂದೆ.

ಅವಳ ಹಗ್ಗದ ಮೇಲೆ ನಿನ್ನೆಯ ಕೆಂಪು ಇನ್ನೂ ತೂಗುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವಳು ನೋಡಿದಳು. ಬೆಣ್ಣೆ ತೆಗೆದು, ತಕ್ಕಡಿಗೆ ಹಾಕಿ, ಬಟ್ಟಲಿಗೆ ಹಾಕಿಕೊಟ್ಟಳು. ತೂಕದಲ್ಲಿ ಕಡಿಮೆ ಇತ್ತು. ನಾನು ಕೇಳಲಿಲ್ಲ.